ಮುಂದೆ ಬಟನ್, ಹಿಂದೆ ನುಣುಪು: ಆಫೀಸಿಗೂ ಕಾಡುದಾರಿಗೂ ಹೊಂದಿದ ಟೈರ್ ಜೋಡಿ

ಸೈಕಲ್ಲಿನ ಹಳೆಯ ಹಿಂದಿನ ಟೈರನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದಾಗ ನನಗೆ ವಿಷಯ ಅರ್ಥವಾಯಿತು. ನಡುವಿನ ಬಟನ್‌ಗಳು, ಅಂದರೆ ಟೈರಿನ ಮೇಲೆ ಎದ್ದು ನಿಂತಿರುವ ರಬ್ಬರ್ ಗುಬ್ಬಿಗಳು, ಸವೆದು ಚಪ್ಪಟೆಯಾಗಿದ್ದವು. ಒಂದೆರಡು ಕಡೆ ಒಳಗಿನ ನೂಲು ಕಾಣುತ್ತಿತ್ತು. ಆದರೆ ಅಂಚಿನ ಬಟನ್‌ಗಳು ಮಾತ್ರ ಹೊಸದರಂತೆ ಇದ್ದವು. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಅವು ಕೂಡ ಅಲ್ಲಲ್ಲಿ ಹಾಗೇ ನಿಂತಿದ್ದವು. ಅಂದರೆ ಆ ಅಂಚು ನೆಲ ಮುಟ್ಟಿದ್ದೇ ಅಪರೂಪ.

ನನ್ನ ಓಡಾಟ ಹೀಗಿದೆ: ವಾರದಲ್ಲಿ ಐದು ದಿನ ಆಫೀಸು, ಹೋಗಲು 11 ಕಿ.ಮೀ., ಬರಲು 11 ಕಿ.ಮೀ., ಪೂರ್ತಿ ಡಾಂಬರು. ಭಾನುವಾರ ಕಾಡುದಾರಿಯಲ್ಲಿ ಸುಮಾರು 25 ಕಿ.ಮೀ., ಗಟ್ಟಿ ಮಣ್ಣು, ಸಡಿಲ ಜಲ್ಲಿ, ಮರದ ಬೇರು. ಲೆಕ್ಕ ಹಾಕಿದರೆ ನೂರಕ್ಕೆ ಎಂಬತ್ತು ಪಾಲು ರಸ್ತೆಯೇ. ಆದರೂ ಎರಡು ವರ್ಷ ಭಾನುವಾರಕ್ಕೆಂದು ಮಾಡಿದ ದಪ್ಪ ಬಟನ್ ಟೈರನ್ನೇ ಸೋಮವಾರವೂ ತುಳಿಯುತ್ತಿದ್ದೆ. ಸೈಕಲ್ ಜೊತೆ ಬಂದಿದ್ದು ಅದೇ, ಬದಲಿಸಬೇಕು ಅಂತ ಅನಿಸಿರಲೇ ಇಲ್ಲ.

ಡಾಂಬರಿನ ಮೇಲೆ ಆ ಟೈರಿನ ಗುಂಯ್ ಅನ್ನುವ ಸದ್ದು ನಿಮಗೂ ಗೊತ್ತಿರುತ್ತದೆ. ಅದು ಸುಮ್ನೆ ಸದ್ದಲ್ಲ, ನಿಮ್ಮ ಕಾಲಿನ ಶಕ್ತಿ. ಎತ್ತರದ ಬಟನ್ ಪ್ರತಿ ಸುತ್ತಿನಲ್ಲೂ ನೆಲಕ್ಕೆ ಒತ್ತಿ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಆ ಬಾಗುವಿಕೆಗೆ ಬೇಕಾದ ಶಕ್ತಿಯನ್ನು ಕೊಡುವವರು ನೀವೇ. ತಿರುವಿನಲ್ಲಿ ಇನ್ನೊಂದು ತೊಂದರೆ. ಸೈಕಲ್ ವಾಲಿಸಿದಾಗ ಅಂಚಿನ ಬಟನ್‌ಗಳು ಮಡಚಿಕೊಂಡು, ಚಕ್ರ ರಸ್ತೆಯ ಮೇಲೆ ಜಾರುತ್ತಿದೆಯೇನೋ ಅನ್ನುವಂಥ ಅಳುಕು ಹುಟ್ಟುತ್ತದೆ.

ಈಗ ಎಂಟು ತಿಂಗಳಿಂದ ಓಡಿಸುತ್ತಿರುವ ಜೋಡಿ: ಹಿಂದೆ ಶ್ವಾಲ್ಬೆ ಕಂಪನಿಯ ಹರಿಕೇನ್ 29x2.00 (ಚಕ್ರ 29 ಇಂಚು, ಟೈರಿನ ಅಗಲ 2 ಇಂಚು), ಮುಂದೆ ಶ್ವಾಲ್ಬೆ ಸ್ಮಾರ್ಟ್ ಸ್ಯಾಮ್ 29x2.25. ಹತ್ತಿರ ಹತ್ತಿರ 4,000 ಕಿ.ಮೀ. ಆಗಿದೆ. ಹರಿಕೇನ್‌ನ ನಡುಭಾಗ ಹೆಚ್ಚು ಕಮ್ಮಿ ನುಣುಪು, ಬಟನ್ ಇರುವುದು ಅಂಚಿನಲ್ಲಿ. ಸ್ಮಾರ್ಟ್ ಸ್ಯಾಮ್‌ನಲ್ಲಿ ನಡುವೆ ಬಟನ್‌ಗಳು ಒತ್ತೊತ್ತಾಗಿ ಕೂತಿವೆ, ಅಂಚಿನಲ್ಲಿ ದೂರ ದೂರ.

ಎರಡೂ ಕಡೆ ಒಂದೇ ಟೈರ್ ಯಾಕಿಲ್ಲ ಅಂತ ಕೇಳುತ್ತೀರಿ, ಅಲ್ವಾ? ಮೊದಲು ನಾನೂ ಹಾಗೇ ಮಾಡಿದ್ದೆ. ಬೇರೊಂದು ಕಂಪನಿಯ ನುಣುಪು ನಡುವಿನ ಟೈರನ್ನು ಮುಂದೆ, ಹಿಂದೆ ಎರಡೂ ಕಡೆ ಹಾಕಿಸಿದ್ದೆ. ರಸ್ತೆಯ ಮೇಲೆ ಹಕ್ಕಿ ಹಾರಿದಂತಿತ್ತು. ಮೂರನೇ ಭಾನುವಾರ ಕಾಡಿನೊಳಗೆ ಬಲಕ್ಕೆ ತಿರುಗುವ ಸಣ್ಣ ಇಳಿಜಾರು ಸಿಕ್ಕಿತು. ಮೇಲೆ ಒಣ ಎಲೆ, ಕೆಳಗೆ ತೇವ. ವೇಗವೂ ಜಾಸ್ತಿ ಇರಲಿಲ್ಲ. ಮುಂದಿನ ಚಕ್ರ ಎಲೆಯ ಮೇಲೆ ಏರಿದ್ದು ಕಂಡಿತು, ಹ್ಯಾಂಡಲ್ ಒಮ್ಮೆಲೇ ಹಗುರಾಯಿತು, ಮರುಕ್ಷಣ ನನ್ನ ಮೊಣಕೈ ಜಲ್ಲಿಯ ಮೇಲಿತ್ತು. ಆ ಎರಡರ ನಡುವೆ ಏನೂ ಮಾಡಲು ಸಮಯ ಇರಲಿಲ್ಲ.

ಹಿಂದಿನ ಚಕ್ರ ಜಾರಿದರೆ ಬಾಲ ಅಲ್ಲಾಡುತ್ತದೆ, ಸೊಂಟ ಒಂದಿಷ್ಟು ತಿರುಗಿಸಿ ಸರಿಮಾಡಿಕೊಳ್ಳಬಹುದು. ಮುಂದಿನದು ಜಾರಿದರೆ ಬಿದ್ದಂತೆಯೇ. ಹಾಗಾಗಿ ಹಿಡಿತಕ್ಕೆ ಮುಂದಿನ ಟೈರು, ಓಟಕ್ಕೆ ಹಿಂದಿನ ಟೈರು ಅಂತ ಹಂಚಿಕೊಂಡೆ. ಸವಾರನ ಭಾರ ಜಾಸ್ತಿ ಬೀಳುವುದೂ ಹಿಂದಿನ ಚಕ್ರದ ಮೇಲೆ, ಪೆಡಲ್ ತುಳಿದ ಬಲ ನೆಲ ಸೇರುವುದೂ ಅಲ್ಲಿಂದಲೇ. ಆದ್ದರಿಂದ ಬೇಗ ಸವೆಯುವುದೂ ಅದೇ. ಅಲ್ಲಿ ದುಬಾರಿ ದಪ್ಪ ಬಟನ್ ಹಾಕಿ ಡಾಂಬರಿಗೆ ತೇಯುವುದು ನನಗಂತೂ ಮನಸ್ಸಿಗೆ ಬರುವುದಿಲ್ಲ.

ಫಲ ಏನು? ಆಫೀಸ್ ದಾರಿಯಲ್ಲಿ ಮೂರು ನಾಲ್ಕು ನಿಮಿಷ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ತಲುಪಿದಾಗ ಕಾಲು ಸುಸ್ತಾಗಿರುವುದಿಲ್ಲ. ಗುಂಯ್ ಸದ್ದು ಮುಕ್ಕಾಲು ಪಾಲು ಹೋಗಿದೆ. ಹಿಂದಿನಿಂದ ವಾಹನ ಬರುವುದು ಈಗ ಬೇಗ ಕಿವಿಗೆ ಬೀಳುತ್ತದೆ, ಇದನ್ನು ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಕಾಡುದಾರಿಯಲ್ಲಿ ಒಣ ಮಣ್ಣು, ಜಲ್ಲಿ, ಬೇರು ಎಲ್ಲ ಸಲೀಸು. ಕಡಿದಾದ ಸಡಿಲ ಏರಿನಲ್ಲಿ ಮಾತ್ರ ನಿಂತು ತುಳಿದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ. ಸೀಟಿನ ಮೇಲೆ ಕೂತು, ಮೈ ಮುಂದಕ್ಕೆ ಬಾಗಿಸಿ, ಹಗುರ ಗೇರಿನಲ್ಲಿ ಒಂದೇ ಸಮನೆ ತುಳಿಯಬೇಕು. ಅಂಟು ಕೆಸರಿಗೆ ಇಂಥ ಟೈರ್ ಯಾವ ಕಂಪನಿಯದಾದರೂ ಆಗುವುದಿಲ್ಲ. ಕೆಸರಿಗೆ ಬೇಕಾಗಿರುವುದು ಎತ್ತರದ, ದೂರ ದೂರ ಇರುವ ಬಟನ್. ಅದು ಮಣ್ಣಿನೊಳಗೆ ಇಳಿಯಬೇಕು, ಸುತ್ತುವಾಗ ಮಣ್ಣನ್ನು ಕಳಚಿ ಎಸೆಯಲೂ ಬೇಕು. ನಿಮ್ಮ ದಾರಿ ಬಹುಪಾಲು ಕೆಸರೇ ಆಗಿದ್ದರೆ ಈ ಜೋಡಿಯನ್ನು ಕೊಳ್ಳಬೇಡಿ.

ಮಳೆ ಬಿದ್ದ ಡಾಂಬರಿನ ಮೇಲೆ ನುಣುಪು ಟೈರ್ ಜಾರುತ್ತದೆ ಅನ್ನುವ ಹೆದರಿಕೆ ಬಹಳ ಜನರಿಗಿದೆ. ಕಾರಿನ ಟೈರು ಅಗಲ, ವೇಗವೂ ಹೆಚ್ಚು, ಹಾಗಾಗಿ ನೀರಿನ ಮೇಲೆ ತೇಲದಿರಲು ಅದಕ್ಕೆ ನೀರು ಹರಿದುಹೋಗುವ ಗೀರುಗಳು ಬೇಕು. ಸೈಕಲ್ ಟೈರು ಕಿರಿದು, ನಾವು ಹೋಗುವ ವೇಗದಲ್ಲಿ ಅದು ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡುವುದು ನೆಲಕ್ಕೆ ತಾಗಿದ ರಬ್ಬರ್, ಬಟನ್‌ಗಳ ನಡುವಿನ ಖಾಲಿ ಜಾಗವಲ್ಲ. ಬಣ್ಣ ಬಳಿದ ಪಟ್ಟಿ, ಕಬ್ಬಿಣದ ಮುಚ್ಚಳ ಬಂದಾಗ ಮಾತ್ರ ಯಾವ ಟೈರ್ ಇದ್ದರೂ ವಾಲಿಸಬೇಡಿ, ಬ್ರೇಕ್ ಒತ್ತಬೇಡಿ.

ಇನ್ನು ಗಾಳಿ. ಒಳ್ಳೆಯ ಟೈರ್ ಕೊಂಡು ಗಾಳಿಯಲ್ಲಿ ಕೆಡಿಸುವವರೇ ಜಾಸ್ತಿ. ನನ್ನ ತೂಕ 72 ಕಿಲೋ. ಆಫೀಸ್ ದಿನ ಹಿಂದೆ 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದೆ 36. ಭಾನುವಾರ ಬೆಳಿಗ್ಗೆ ಹಿಂದೆ 36, ಮುಂದೆ 28. ಗಾಳಿ ಇಳಿಸಿದಾಗ ಟೈರು ಕಲ್ಲಿನ ಮೇಲೆ ಪುಟಿಯುವ ಬದಲು ಅದರ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ, ಹಿಡಿತ ಬರುವುದು ಹಾಗೆ. ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ, ಹಾವು ಕಚ್ಚಿದ ಹಾಗೆ. ಅಂಥ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಕಮ್ಮಿ ಇತ್ತು ಅಂತಲೇ ಅರ್ಥ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ದಾಟಬೇಡಿ, ಅದರೊಳಗೆ ನಿಮ್ಮ ತೂಕಕ್ಕೆ ತಕ್ಕಂತೆ ಎರಡೆರಡು ಪಿಎಸ್‌ಐ ಏರಿಸಿ ಇಳಿಸಿ ನೋಡಿ. ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ನಂಬಬೇಡಿ. ಗೇಜ್ ಇರುವ ಪಂಪ್ ಒಂದು ಮನೆಯಲ್ಲಿರಲಿ. ಟೈರ್ ಮತ್ತು ಪಂಪ್ ಎರಡರಲ್ಲಿ ಒಂದಕ್ಕೇ ದುಡ್ಡಿದೆ ಅಂದರೆ ಮೊದಲು ಪಂಪ್ ತೆಗೆದುಕೊಳ್ಳಿ ಅನ್ನುತ್ತೇನೆ.

ಅಳತೆಯಲ್ಲಿ ಮೋಸ ಹೋಗದಿರಲು ಇಂಚನ್ನು ಬಿಟ್ಟು ಮಿಲಿಮೀಟರ್ ನೋಡಿ. ಟೈರಿನ ಪಕ್ಕದಲ್ಲಿ 57-622 ಅಂತ ಇರುತ್ತದೆ. 57 ಅಗಲ, 622 ರಿಮ್ಮಿನ ಅಳತೆ. 29 ಇಂಚಿಗೆ 622, 27.5ಕ್ಕೆ 584, ಹಳೆಯ 26ರ ಮೌಂಟನ್ ಬೈಕಿಗೆ 559. ಎರಡನೇ ಸಂಖ್ಯೆ ನಿಮ್ಮ ಹಳೆಯ ಟೈರಿನದೇ ಆಗಿರಬೇಕು. ಅಗಲ ಹೆಚ್ಚಿಸುವುದಾದರೆ ಫ್ರೇಮಿನ ಸಂದಿಯಲ್ಲಿ ಜಾಗ ಇದೆಯಾ ನೋಡಿಕೊಳ್ಳಿ, ಮಣ್ಣು ಮೆತ್ತಿಕೊಂಡಾಗಲೂ ಚಕ್ರ ತಿರುಗಬೇಕಲ್ಲ. ಹಾಕುವಾಗ ತಿರುಗುವ ದಿಕ್ಕಿನ ಬಾಣ ನೋಡಲು ಮರೆಯಬೇಡಿ.

ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬೇ ಇಲ್ಲದ ಹಾಗೆ, ಮಾಡಿಸಲಿಲ್ಲ. ತೂತು ಮುಚ್ಚಲೆಂದು ಅದರೊಳಗೆ ಹಾಕುವ ದ್ರವವನ್ನು ಆಗಾಗ ತುಂಬಿಸುವಷ್ಟು ತಾಳ್ಮೆ ನನಗಿಲ್ಲ, ಟ್ಯೂಬು ಬದಲಿಸಲು ಹತ್ತು ನಿಮಿಷ ಸಾಕು. ಈ ಎಂಟು ತಿಂಗಳಲ್ಲಿ ಮೂರು ಪಂಕ್ಚರ್, ಮೂರೂ ಹಿಂದಿನ ಚಕ್ರಕ್ಕೆ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಗೆ ಒಂದು ಬಟ್ಟೆ ಸುತ್ತ ಎಳೆಯಿರಿ. ಮುಳ್ಳಿನ ತುದಿ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬೆರಳು ಉಳಿಯುತ್ತದೆ.

ಹಿಂದಿನ ಹರಿಕೇನ್‌ನ ನಡುಭಾಗ ಈಗ ಸ್ವಲ್ಪ ಚಪ್ಪಟೆಯಾಗಿದೆ, ಇನ್ನೂ ಕೆಲವು ತಿಂಗಳು ಓಡುತ್ತದೆ. ಮುಂದಿನ ಸ್ಮಾರ್ಟ್ ಸ್ಯಾಮ್‌ಗೆ ಅದಕ್ಕಿಂತ ತುಂಬಾ ಹೆಚ್ಚು ಆಯಸ್ಸಿದೆ. ಹಿಂದಿನದು ಮುಗಿದಾಗ ಮತ್ತೆ ಅದನ್ನೇ ಹಾಕಿಸುತ್ತೇನೆ, ಮುಂದಿನದನ್ನು ಮುಟ್ಟುವುದಿಲ್ಲ.