ಪೆನ್‌ಡ್ರೈವ್‌ನಲ್ಲಿ ಮಂಡ್ಯಕ್ಕೆ ಸೋರ್ಸ್ ಕೋಡ್: ಮೂರು ದಾರಿ ಮಾಡಿ ನೋಡಿದೆ

ನಮ್ಮ ಬಿಲ್ಡ್ ಮಷೀನ್, ಅಂದರೆ ಸೋರ್ಸ್ ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟುವ ಕಂಪ್ಯೂಟರ್, ಇರುವುದು ಮಂಡ್ಯದಲ್ಲಿ. ಅದಕ್ಕೆ ಇಂಟರ್ನೆಟ್ ಕೊಡುವ ಹಾಗಿಲ್ಲ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ರಾತ್ರಿ ಡೌನ್‌ಲೋಡ್ ಮಾಡಿಕೊಂಡು ಬೆಳಗ್ಗೆ ರೈಲು ಹತ್ತುತ್ತೇನೆ. ಒಂದು ಫೈಲ್ ಬಿಟ್ಟುಹೋದರೆ ಆ ದಿನವೇ ಹೋಯ್ತು.

ಮೊದಲು ಡಬ್ಲ್ಯೂಗೆಟ್ ಎಂಬ ಡೌನ್‌ಲೋಡ್ ಕಮಾಂಡ್‌ನಿಂದ ಒಂದೊಂದೇ ಟಾರ್ ಫೈಲ್ (ಸೋರ್ಸ್ ಫೈಲ್‌ಗಳೆಲ್ಲ ಸೇರಿದ ಕಟ್ಟು) ಇಳಿಸಿ, ಅದರ ಶಾ-256 ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡುತ್ತಿದ್ದೆ. ನಾಲ್ಕೈದು ಪ್ಯಾಕೇಜ್‌ಗೆ ಪರವಾಗಿಲ್ಲ. ಆದರೆ ಒಂದಕ್ಕೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಆ ಪಟ್ಟಿ ನಾವೇ ಬರೆಯಬೇಕು. ಎರಡು ಸಲ ಬರಿಗೈಲಿ ವಾಪಸ್ ಬಂದಿದ್ದೇನೆ. ಇನ್ನೊಂದು ವಿಷಯ: ಟಾರ್ ಇಟ್ಟ ಜಾಗದಲ್ಲೇ ಹ್ಯಾಶ್ ಕೂಡ ಇದ್ದರೆ, ಡೌನ್‌ಲೋಡ್ ಕೆಟ್ಟಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಟಾರ್ ಬದಲಿಸಿದವನು ಹ್ಯಾಶ್ ಬದಲಿಸದೆ ಬಿಡುತ್ತಾನಾ? ಬಿಡುಗಡೆ ಮಾಡಿದವರು ತಮ್ಮ ಗುಟ್ಟಿನ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿ, ಅಂದರೆ ಜಿಪಿಜಿ ಸಹಿ ಇದ್ದರೆ ಅದನ್ನೇ ನೋಡಿ. ಕೋಡ್ ಇಡುವ ತಾಣ ಗಿಟ್‌ಹಬ್ ತಾನಾಗಿ ಕಟ್ಟಿಕೊಡುವ ಟಾರ್‌ಗಳ ಹ್ಯಾಶ್ ನಂಬಬೇಡಿ. 2023ರ ಜನವರಿಯಲ್ಲಿ ಅಲ್ಲಿ ಟಾರ್ ಅನ್ನು ಜಿಜಿಪ್ ಮಾಡುವ, ಅಂದರೆ ಕುಗ್ಗಿಸುವ, ರೀತಿ ಬದಲಾಯಿತು. ಒಳಗಿನ ಕೋಡ್ ಅದೇ, ಹ್ಯಾಶ್ ಬೇರೆ. ಎಷ್ಟೋ ಬಿಲ್ಡ್‌ಗಳು ನಿಂತವು, ಆಮೇಲೆ ಅವರು ಹಳೆಯ ರೀತಿಗೇ ಮರಳಿದರು.

ಎರಡನೇ ದಾರಿ ಗಿಟ್, ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಟೂಲ್. ಅದರಲ್ಲಿ ಈ ತೊಂದರೆ ಇಲ್ಲ. ಟ್ಯಾಗ್ (ಒಂದು ಆವೃತ್ತಿಗೆ ಇಟ್ಟ ಹೆಸರು) ಅನ್ನು ಯಾರಾದರೂ ಸರಿಸಬಹುದು, ಆದ್ದರಿಂದ ನಾನು ಕಮಿಟ್ ಐಡಿಯನ್ನೇ (ಆ ಆವೃತ್ತಿಯ ಹ್ಯಾಶ್) ಬರೆದಿಟ್ಟುಕೊಳ್ಳುತ್ತೇನೆ. ಗಿಟ್ ಬಂಡಲ್ ಮಾಡಿದರೆ ಎಲ್ಲಾ ಒಂದೇ ಫೈಲ್. ಎಲ್ಲಾ ಅಂದೆ, ಸಬ್‌ಮಾಡ್ಯೂಲ್ (ಒಳಗೆ ಜೋಡಿಸಿದ ಬೇರೆ ಗಿಟ್ ಪ್ರಾಜೆಕ್ಟ್) ಮಾತ್ರ ಅದರಲ್ಲಿ ಬರುವುದಿಲ್ಲ. ಅವಕ್ಕೆ ಬೇರೆ ಬಂಡಲ್ ಬೇಕು.

ಈಗ ನಾನು ನಿಂತಿರುವುದು ಮೂರನೇ ದಾರಿಯಾದ ಬಿಲ್ಡ್‌ರೂಟ್‌ನಲ್ಲಿ. ಅದು ಸೋರ್ಸ್‌ನಿಂದ ಪೂರ್ತಿ ಲಿನಕ್ಸ್ ಸಿಸ್ಟಂ ಕಟ್ಟುವ ಟೂಲ್. ಕಾನ್ಫಿಗ್ ಮುಗಿಸಿ 'ಮೇಕ್ ಸೋರ್ಸ್' ಅಂದರೆ ಸಾಕು, ಬೇಕಾದ ಟಾರ್‌ಗಳೆಲ್ಲ 'ಡಿಎಲ್' ಫೋಲ್ಡರ್‌ಗೆ ಬಂದು ಬೀಳುತ್ತವೆ. ಪಟ್ಟಿಯ ತಲೆನೋವೇ ಇಲ್ಲ. ಹ್ಯಾಶ್‌ಗಳು ಬಿಲ್ಡ್‌ರೂಟ್‌ನ ಒಳಗೇ ಇರುವುದರಿಂದ, ಟಾರ್ ಒಂದು ಕಡೆ, ಹ್ಯಾಶ್ ಇನ್ನೊಂದು ಕಡೆಯಿಂದ ಬಂದಂತೆ. ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ನಾವೇ ಬೇರೆ ಆವೃತ್ತಿ ಆರಿಸಿಕೊಟ್ಟರೆ ಅದರ ಹ್ಯಾಶ್ ಅಲ್ಲಿರುವುದಿಲ್ಲ. ಅದೊಂದನ್ನು ಈಗಲೂ ಕೈಯಲ್ಲೇ ನೋಡುತ್ತೇನೆ. ಕರ್ನಲ್‌ನ ಸಹಿ ಇರುವುದು ಬಿಚ್ಚಿದ ಟಾರ್‌ಗೆ, ಕುಗ್ಗಿಸಿದ ಎಕ್ಸ್‌ಜೆಡ್ ಫೈಲ್‌ಗಲ್ಲ. ಮೊದಲ ಸಲ ಇದು ಗೊತ್ತಿರದೆ, ಸಹಿ ಸರಿಯಿಲ್ಲ ಅಂತ ಬಂದಾಗ ಎದೆ ಧಸಕ್ಕೆಂದಿತ್ತು. ಮೊದಲು ಎಕ್ಸ್‌ಜೆಡ್ ಬಿಚ್ಚಿ, ಆಮೇಲೆ ಜಿಪಿಜಿಗೆ ಕೊಡಿ.

ಯಾವ ದಾರಿ ಹಿಡಿದರೂ ಹೊರಡುವ ಹಿಂದಿನ ರಾತ್ರಿ ವೈಫೈ ಆಫ್ ಮಾಡಿ ಮನೆಯಲ್ಲೇ ಒಂದು ಪೂರ್ತಿ ಬಿಲ್ಡ್ ಹಾಕುತ್ತೇನೆ. ಅದು ಮುಗಿದ ಮೇಲೇ ಪೆನ್‌ಡ್ರೈವ್ ಬ್ಯಾಗಿಗೆ.