ಕೂಪನ್ ಕೋಡೋ, ಡಿಸ್ಕೌಂಟ್ ಅಂಗಡಿಯೋ: ಒಂದೇ ಪಟ್ಟಿ ಹಿಡಿದು ಎರಡನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಿಸ್ಕೌಂಟ್ ಅಂಗಡಿಗೇ. ವರ್ಷವಿಡೀ ಕಡಿಮೆ ಬೆಲೆ, ಆಯ್ಕೆ ಸ್ವಲ್ಪವೇ, ಸಾಮಾನು ಬಂದ ರಟ್ಟಿನ ಪೆಟ್ಟಿಗೆಯ ಬಾಯಿ ಹರಿದು ಹಾಗೇ ಶೆಲ್ಫಿನಲ್ಲಿ ಇಟ್ಟಿರುತ್ತಾರಲ್ಲ, ಅಂಥ ಅಂಗಡಿ. ಎದುರಾಳಿ ಎಂದರೆ ಆನ್‌ಲೈನ್ ಆರ್ಡರ್ ಮಾಡಿ ಕೂಪನ್ ಕೋಡ್ ಹಾಕುವುದು. ಎರಡನ್ನೂ ಒಂದೇ ಪಟ್ಟಿ ಹಿಡಿದು ನಡೆಸಿ ನೋಡಿದ್ದೇನೆ. ನಡುವೆ ಸದಸ್ಯತ್ವ ಪಡೆದು ಸಗಟಿನಲ್ಲಿ ಕೊಳ್ಳುವ ಅಂಗಡಿಯನ್ನೂ ನೋಡಿದೆ. ಅದರ ಮಾತು ಆಮೇಲೆ.

ನನ್ನದು ತಿಂಗಳಿಗೊಮ್ಮೆ ತರುವ ಪಟ್ಟಿ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್, ಬ್ಲೀಚ್, ಟೂತ್‌ಪೇಸ್ಟ್, ಶಾಂಪೂ, ಕಸದ ಚೀಲ, ಟಿಶ್ಯೂ, ಬ್ಲೇಡು. ಇದರಲ್ಲಿ ಒಂದೂ ಆಸೆಪಟ್ಟು ಕೊಳ್ಳುವಂಥದ್ದಲ್ಲ. ಮುಗಿದಾಗ ಬೇಕು, ಅಷ್ಟೇ. ತಿಂಗಳ ಶುರುವಿನಲ್ಲೇ ಇದಕ್ಕೆಂದು ಇಷ್ಟು ಹಣ ಎತ್ತಿಡುತ್ತೇನೆ, ಅದರೊಳಗೇ ಮುಗಿಯಬೇಕು. ಈ ಅಭ್ಯಾಸವನ್ನು ನೆನಪಿಟ್ಟುಕೊಂಡು ಮುಂದೆ ಓದಿ. ನಿಮ್ಮ ಅಭ್ಯಾಸ ಬೇರೆ ಇದ್ದರೆ ತೀರ್ಮಾನವೂ ಬೇರೆಯಾಗಬಹುದು.

ಕೂಪನ್ನಿನಲ್ಲಿ ನನ್ನ ತಲೆ ಕೆಡಿಸಿದ್ದು ಒಂದೇ ವಿಷಯ: ಕನಿಷ್ಠ ಬಿಲ್. ಇಷ್ಟು ಮೊತ್ತ ಮುಟ್ಟಿದರೆ ಮಾತ್ರ ಕಡಿತ ಅನ್ನುವ ಷರತ್ತು. ಅದು ಕಣ್ಣಿಗೆ ಕಾಣುವ ಷರತ್ತೇ, ಯಾರೂ ಮುಚ್ಚಿಡುವುದಿಲ್ಲ. ಆದರೆ ಅದರ ಹಿಂದೆ ಇನ್ನೊಂದು ಇದೆ. ಅದು ತಿಳಿಯುವುದು ಸಾಮಾನು ಮನೆಗೆ ಬಂದ ಮೇಲೆ.

ಲೆಕ್ಕ ಸುಲಭವಾಗಲಿ ಎಂದು ದುಂಡು ಅಂಕಿ ಹಾಕುತ್ತೇನೆ. ಯಾವ ದೇಶದ ಹಣವಾದರೂ ಲೆಕ್ಕ ಇದೇ. ಬಿಲ್ 1,000 ಮುಟ್ಟಿದರೆ 150 ಕಡಿತ. ನನ್ನ ಪಟ್ಟಿ 950ಕ್ಕೆ ನಿಂತಿತು. ಇನ್ನು 50 ಬೇಕು. ಸರಿಯಾಗಿ 50ಕ್ಕೆ ಕೂರುವ ಸಾಮಾನು ಬೇಕೆಂದಾಗ ಸಿಗುವುದಿಲ್ಲ, ಅಲ್ವಾ? ಹುಡುಕಿ 110ರ ಹ್ಯಾಂಡ್‌ವಾಶ್ ಸೇರಿಸಿದೆ. ಮೊತ್ತ 1,060. ಕಡಿತ ಕಳೆದು 910. ಪಟ್ಟಿಯ ಸಾಮಾನೆಲ್ಲ ಬಂದು, ಮೇಲೊಂದು ಹ್ಯಾಂಡ್‌ವಾಶ್ ಬಂದು, 40 ಉಳಿತಾಯ. ಇಲ್ಲಿಯವರೆಗೂ ಚೆನ್ನಾಗಿಯೇ ಇತ್ತು.

ಚೀಲ ಬಿಚ್ಚಿದರೆ ಪಾತ್ರೆ ತೊಳೆಯುವ ಲಿಕ್ವಿಡ್ ಇಲ್ಲ. ಪ್ಯಾಕ್ ಮಾಡುವ ಹೊತ್ತಿಗೆ ಸ್ಟಾಕ್ ಮುಗಿದಿತ್ತಂತೆ, ಅದನ್ನು ಬಿಟ್ಟು ಉಳಿದದ್ದನ್ನು ಕಳಿಸಿದ್ದರು. ಅದು 90ರ ಸಾಮಾನು. 1,060ರಲ್ಲಿ 90 ಹೋದರೆ 970. ಮೊತ್ತ 1,000ಕ್ಕಿಂತ ಕೆಳಗೆ ಇಳಿಯಿತು. ಕೂಪನ್ ರದ್ದಾಯಿತು. ಬಿಲ್ಲಿನಲ್ಲಿ ಕಡಿತದ ಸಾಲೇ ಇಲ್ಲ, ಕೊನೆಗೆ 970 ಅಂತ ಬರೆದಿದೆ.

ನೋಡಿ, ಒಂದು ಸಾಮಾನು ಕಡಿಮೆ ಬಂದಿದೆ, ಕೊಟ್ಟ ಹಣ ಮಾತ್ರ 60 ಜಾಸ್ತಿ. ಕೂಪನ್ನಿನ ಗೋಜಿಗೇ ಹೋಗದೆ ಬರೀ ಪಟ್ಟಿಯ ಸಾಮಾನು ತರಿಸಿದ್ದರೆ, ಆ ಲಿಕ್ವಿಡ್ ಬಾರದಿದ್ದರೂ 860ಕ್ಕೆ ಮುಗಿಯುತ್ತಿತ್ತು. ಬೇಡದ ಹ್ಯಾಂಡ್‌ವಾಶ್ ಬಂತು, ಬೇಕಾದ ಲಿಕ್ವಿಡ್ ಬರಲಿಲ್ಲ. ಲಿಕ್ವಿಡ್ಡಿಗೆ ಮತ್ತೆ ಬೇರೆ ಆರ್ಡರ್ ಹಾಕಿದರೆ ಅದಕ್ಕೆ ಡೆಲಿವರಿ ಶುಲ್ಕ ಬೇರೆ. ಮೂಗಿಗಿಂತ ಮೂಗುತಿ ಭಾರ.

ಗ್ರಾಹಕ ಸೇವೆಯ ಚಾಟ್‌ನಲ್ಲಿ ಕೇಳಿದೆ. ಅಂತಿಮ ಬಿಲ್ ಕನಿಷ್ಠ ಮೊತ್ತಕ್ಕಿಂತ ಕಡಿಮೆ ಇದ್ದರೆ ಕೂಪನ್ ಅನ್ವಯಿಸುವುದಿಲ್ಲ ಎಂದು ಉತ್ತರ ಬಂತು. ಸ್ಟಾಕ್ ಇಲ್ಲದ್ದು ನಿಮ್ಮ ಕಡೆ ತಾನೇ ಎಂದೆ. ಅದೇ ಸಾಲು ಮತ್ತೆ ಬಂತು. ಹೋಗಲಿ, ಕಡಿತ ಕೊಟ್ಟಿಲ್ಲವಲ್ಲ, ಕೂಪನ್ನನ್ನಾದರೂ ವಾಪಸ್ ಕೊಡಿ ಎಂದೆ. ಒಂದು ಖಾತೆಗೆ ಒಮ್ಮೆ ಮಾತ್ರ, ನಿಮ್ಮದು ಬಳಕೆಯಾಗಿದೆ ಎಂದು ತೋರಿಸುತ್ತಿದೆ ಎಂದರು. ಬಳಕೆಯಾಗಿದೆ, ಆದರೆ ಕಡಿತ ಸಿಕ್ಕಿಲ್ಲ. ಇದನ್ನು ಎಷ್ಟು ಸಲ ಬರೆದರೂ ಆ ಕಡೆಯಿಂದ ಬೇರೆ ಮಾತು ಬರಲಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಎಲ್ಲ ಕಡೆಯೂ ಹೀಗಿಲ್ಲ. ಕೆಲವರು ಆರ್ಡರ್ ಹಾಕಿದ ಹೊತ್ತಿನ ಮೊತ್ತವನ್ನೇ ಹಿಡಿಯುತ್ತಾರೆ. ಆಗ ಒಂದೆರಡು ಸಾಮಾನು ಬಾರದಿದ್ದರೂ ಕಡಿತ ಉಳಿಯುತ್ತದೆ. ಹಾಗಾಗಿ ಷರತ್ತಿನಲ್ಲಿ ‘ಆರ್ಡರ್ ಮೊತ್ತ’ ಅಂತ ಇದೆಯೋ ‘ಅಂತಿಮ ಬಿಲ್’ ಅಂತ ಇದೆಯೋ ನೋಡಿ. ‘ಅಂತಿಮ ಬಿಲ್’ ಅಂತ ಇದ್ದರೆ, ನಿಮ್ಮ ಬುಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಕೈಬಿಟ್ಟರೂ ಮೊತ್ತ ಗೆರೆಗಿಂತ ಮೇಲೇ ಇರಬೇಕು. ಅಂದರೆ ಇನ್ನಷ್ಟು ಸೇರಿಸಬೇಕು. ಉಳಿಸಲು ಹೊರಟವರು ಜಾಸ್ತಿ ಕೊಳ್ಳಬೇಕು. ನನ್ನಂಥ ಸಣ್ಣ ಪಟ್ಟಿಯವರಿಗೆ ಇದು ಆಗದ ಮಾತು.

ಸಾಮಾನು ವಾಪಸ್ ಮಾಡುವಾಗಲೂ ಇದೇ ಥರದ್ದು ಎದುರಾಗುತ್ತದೆ. ಕಡಿತವನ್ನು ಎಲ್ಲ ಸಾಮಾನಿನ ಮೇಲೂ ಹಂಚಿರುತ್ತಾರೆ, ಆದ್ದರಿಂದ ವಾಪಸ್ ಬರುವ ಹಣ ಲೇಬಲ್ಲಿನ ಬೆಲೆಗಿಂತ ಕಡಿಮೆ. ಇದು ನ್ಯಾಯವೇ, ಆದರೆ ತಿಳಿದಿರಲಿ.

ಉಳಿದ ಷರತ್ತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 40% ಕಡಿತ, ಆದರೆ ಗರಿಷ್ಠ 100 ಅಂತ ಇದ್ದರೆ, 1,000ದ ಬಿಲ್ಲಿಗೆ ಅದು ಬರೀ 10%. 50% ಮೇಲೆ ಇನ್ನೂ 20% ಎಂದರೆ 70% ಅಲ್ಲ, 60%. ಎರಡು ಕೊಂಡರೆ ಒಂದು ಉಚಿತ ಎಂದರೆ ಮೂರಕ್ಕೆ ಒಂದು ಪಾಲು, ಸುಮಾರು 33%. ಆಗಲೇ ರಿಯಾಯಿತಿಯಲ್ಲಿರುವ ಸಾಮಾನಿಗೆ ಕೂಪನ್ ಸಾಮಾನ್ಯವಾಗಿ ನಡೆಯುವುದಿಲ್ಲ.

ಕೂಪನ್ ಕೊಡುವವರ ಲೆಕ್ಕ ಏನು ಅನ್ನುವುದೂ ಗೊತ್ತಿರಬೇಕು. 1880ರ ದಶಕದ ಕೊನೆಯಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕೋಕಾ-ಕೋಲಾದವರು ಒಂದು ಲೋಟ ಪಾನೀಯ ಉಚಿತ ಎಂಬ ಚೀಟಿ ಹಂಚಿದರು. ಕೂಪನ್ನಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಹೊಸ ಪಾನೀಯವನ್ನು ಜನ ಒಮ್ಮೆ ಬಾಯಿಗೆ ಹಾಕಿಕೊಳ್ಳಲಿ, ರುಚಿ ಹಿಡಿದರೆ ಆಮೇಲೆ ದುಡ್ಡು ಕೊಟ್ಟೇ ಕುಡಿಯುತ್ತಾರೆ ಎಂಬುದು ಅದರ ಉದ್ದೇಶ. ಇವತ್ತಿಗೂ ಕೂಪನ್ನಿನ ಕೆಲಸ ಹೆಚ್ಚುಕಡಿಮೆ ಅದೇ. ಇನ್ನೊಂದು ಲೆಕ್ಕವೂ ಇದೆ. ಎಲ್ಲರಿಗೂ ಬೆಲೆ ಇಳಿಸಿದರೆ ಕಂಪನಿಗೆ ನಷ್ಟ. ಕೂಪನ್ ಹುಡುಕಿ, ಷರತ್ತು ಓದಿ, ಕೊನೆ ದಿನಾಂಕ ನೆನಪಿಟ್ಟುಕೊಳ್ಳುವವರಿಗೆ ಮಾತ್ರ ಇಳಿಸಿದರೆ ಆ ಗಿರಾಕಿಯೂ ಉಳಿದ, ಮಿಕ್ಕವರಿಂದ ಪೂರ್ತಿ ಬೆಲೆಯೂ ಬಂತು. ಹಾಗಾಗಿ ಷರತ್ತುಗಳ ತೊಡಕು ಆಕಸ್ಮಿಕವಲ್ಲ. ಕೂಪನ್ ನಡೆಯುವುದೇ ಅದರ ಮೇಲೆ.

ಈಗ ಡಿಸ್ಕೌಂಟ್ ಅಂಗಡಿ. ಇಲ್ಲಿ ಬೆಲೆ ಇಳಿಯುವುದು ಅಂಗಡಿಯ ಖರ್ಚು ಇಳಿಯುವುದರಿಂದ. ಈ ಬಗೆಯ ಅಂಗಡಿಗೆ ಎಲ್ಲರೂ ಕೊಡುವ ಉದಾಹರಣೆ ಜರ್ಮನಿಯ ಆಲ್ಡಿ. ಎಸ್ಸೆನ್ ನಗರದಲ್ಲಿ ಅಮ್ಮನ ಪುಟ್ಟ ಅಂಗಡಿಯನ್ನು ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಎಂಬ ಅಣ್ಣತಮ್ಮಂದಿರು ಎರಡನೇ ಮಹಾಯುದ್ಧ ಮುಗಿದ ಮೇಲೆ ವಹಿಸಿಕೊಂಡು ಬೆಳೆಸಿದ್ದು. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ ಬಗೆಯ ಸಾಮಾನು ಇದ್ದರೆ ಇವರದು 2,000ದ ಆಸುಪಾಸು. ಬಗೆ ಕಡಿಮೆ ಇದ್ದಷ್ಟೂ ಒಂದೊಂದನ್ನೂ ರಾಶಿಗಟ್ಟಲೆ ಕೊಂಡು ಬೆಲೆ ಜಗ್ಗಬಹುದು. ಪೆಟ್ಟಿಗೆಯಲ್ಲೇ ಇಟ್ಟು ಮಾರಿದರೆ ಜೋಡಿಸುವ ಕೂಲಿ ಉಳಿಯಿತು. ತಳ್ಳುಗಾಡಿಗೆ ನಾಣ್ಯ ಹಾಕಿಸಿಕೊಂಡರೆ ಗಿರಾಕಿಯೇ ತಂದು ಜಾಗಕ್ಕೆ ನಿಲ್ಲಿಸುತ್ತಾನೆ. ಪ್ಯಾಕೆಟ್ಟಿನ ಹಲವು ಬದಿಗಳಲ್ಲಿ ಬಾರ್‌ಕೋಡ್ ಹಾಕಿದರೆ ಕ್ಯಾಶಿಯರ್ ಅದನ್ನು ತಿರುಗಿಸಿ ಹುಡುಕಬೇಕಿಲ್ಲ, ಸಾಲು ಬೇಗ ಕರಗುತ್ತದೆ. ಇಂಥ ಸಣ್ಣಸಣ್ಣ ಉಳಿಕೆಗಳೆಲ್ಲ ಸೇರಿ ಬೆಲೆಯಲ್ಲಿ ಕಾಣುತ್ತವೆ. ನಾನು ಏನೂ ಮಾಡಬೇಕಿಲ್ಲ, ಕೋಡ್ ಹಾಕಬೇಕಿಲ್ಲ. ಒಂದು ಸೋಪು ಕೊಂಡರೂ ಅದೇ ಬೆಲೆ, ಬುಟ್ಟಿ ತುಂಬ ಕೊಂಡರೂ ಅದೇ ಬೆಲೆ. ಲಿಕ್ವಿಡ್ ಖಾಲಿಯಾಗಿದ್ದರೆ ಅದೊಂದು ಸಿಗುವುದಿಲ್ಲ, ಆದರೆ ಸೋಪಿನ ಬೆಲೆ ಏರುವುದಿಲ್ಲ.

ಈ ಅಂಗಡಿಗಳ ಜೀವಾಳ ಅವರದೇ ಬ್ರಾಂಡು. ಕೂಪನ್ ಸಿಗುವುದು ಹೆಚ್ಚಾಗಿ ಜಾಹೀರಾತಿನ ದೊಡ್ಡ ಬ್ರಾಂಡಿನ ಮೇಲೆ. 100ರ ಬ್ರಾಂಡ್ ಸಾಮಾನಿಗೆ 20% ಕೂಪನ್ ಹಾಕಿದರೆ 80. ಪಕ್ಕದಲ್ಲಿ ಅಂಗಡಿಯದೇ ಬ್ರಾಂಡು 65ಕ್ಕೆ ಇದ್ದರೆ ಯಾವುದು ಲಾಭ? ಬ್ಲೀಚ್ ತೆಗೆದುಕೊಳ್ಳಿ. ಮಾಮೂಲಿ ಬ್ಲೀಚ್ ಎಂದರೆ ಯಾರು ಮಾಡಿದರೂ ಸೋಡಿಯಂ ಹೈಪೋಕ್ಲೋರೈಟ್ ಬೆರೆಸಿದ ನೀರು. ಲೇಬಲ್ ತಿರುಗಿಸಿ ಎಷ್ಟು ಶೇಕಡಾ ಇದೆ ಅಂತ ನೋಡಿ. ಎರಡೂ ಒಂದೇ ಇದ್ದರೆ ಹೆಸರಿಗೆ ದುಡ್ಡು ಕೊಡುವುದು ಸುಮ್ನೆ ದಂಡ. ಟಿಶ್ಯೂ ಕೂಡ ಹಾಗೇ, ರೋಲ್ ಎಣಿಸಬೇಡಿ, ಹಾಳೆ ಎಷ್ಟು ಅಂತ ನೋಡಿ. ಸೋಪಿನ ಪುಡಿಯನ್ನು ಕಿಲೋ ಲೆಕ್ಕದಲ್ಲಿ ಅಳೆಯಬೇಡಿ. ಒಂದು ಒಗೆತಕ್ಕೆ ಎಷ್ಟು ಗ್ರಾಂ ಬೇಕು, ಆ ಪ್ಯಾಕೆಟ್ಟಿನಲ್ಲಿ ಎಷ್ಟು ಒಗೆತ ಆಗುತ್ತದೆ ಅನ್ನುವುದೇ ಲೆಕ್ಕ.

ಬೆಲೆ ಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಿಲೋಗೆ ಇಷ್ಟು, ಲೀಟರಿಗೆ ಇಷ್ಟು ಅಂತ ಇರುತ್ತದೆ. ಐರೋಪ್ಯ ಒಕ್ಕೂಟ 1998ರಲ್ಲೇ ಇದಕ್ಕೊಂದು ನಿಯಮ ತಂದಿತು. ನಾನು ಈಗ ದೊಡ್ಡ ಅಕ್ಷರದ ಬೆಲೆಗಿಂತ ಮೊದಲು ಇದನ್ನೇ ಓದುವುದು. ದೊಡ್ಡ ಪ್ಯಾಕೆಟ್ಟೇ ಅಗ್ಗ ಅಂತ ನಂಬಿದವರು ಒಮ್ಮೆ ಓದಿ ನೋಡಿ, ಯಾವಾಗಲೂ ಹಾಗಿರುವುದಿಲ್ಲ. ಡಬ್ಬಿ ಅದೇ, ಒಳಗೆ 1 ಕಿಲೋ ಬದಲು 900 ಗ್ರಾಂ ಆಗಿದ್ದರೂ ಇದರಲ್ಲಿ ಸಿಕ್ಕಿಬೀಳುತ್ತದೆ.

ಕೊರತೆ ಇಲ್ಲವೆಂದಲ್ಲ. ನಾನು ತಂದ ಅಂಗಡಿ ಬ್ರಾಂಡಿನ ಕಸದ ಚೀಲ ಕೆಳಗಿನ ಹೊಲಿಗೆಯಲ್ಲೇ ಬಿಚ್ಚಿಕೊಂಡಿತು, ಹಸಿ ಕಸ ಬಾಗಿಲವರೆಗೂ ಸೋರಿತು. ಈಗ ಚೀಲವನ್ನು ಮಾತ್ರ ಬ್ರಾಂಡಿನದೇ ತರುತ್ತೇನೆ. ಶಾಂಪೂ ನನ್ನ ಕೂದಲಿಗೆ ಹಿಡಿಸಲಿಲ್ಲ. ಇಷ್ಟವಾದ ಸಾಮಾನು ಒಂದಿನ ಶೆಲ್ಫಿನಿಂದ ಮಾಯವಾದರೆ ಮತ್ತೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ತಿಂಗಳ ಮೊದಲ ವಾರಾಂತ್ಯ ಸಾಲು ಉದ್ದ. ನಡುವಿನ ಸಾಲಿನಲ್ಲಿ ‘ಈ ವಾರ ಮಾತ್ರ’ ಅಂತ ಹಾಕಿರುವ ಡ್ರಿಲ್ ಮಶೀನು, ಟೆಂಟು ಕಡೆಗೆ ನಾನು ಹೋಗುವುದೇ ಇಲ್ಲ. ಅಲ್ಲಿ ಕಾಲಿಟ್ಟರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಸದಸ್ಯತ್ವದ ಸಗಟು ಅಂಗಡಿ ನನಗಲ್ಲ. ಸೋಲ್ ಪ್ರೈಸ್ ಎಂಬುವರು 1976ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಹಳೇ ವಿಮಾನದ ಹ್ಯಾಂಗರ್ ಒಂದರಲ್ಲಿ ಪ್ರೈಸ್ ಕ್ಲಬ್ ಎಂಬ ಇಂಥದೇ ಅಂಗಡಿ ಶುರು ಮಾಡಿದಾಗ ಅದರ ಗಿರಾಕಿಗಳು ಸಣ್ಣ ವ್ಯಾಪಾರಿಗಳು. ಈಗಲೂ ಇಂಥ ಅಂಗಡಿಯ ಅಳತೆ ವ್ಯಾಪಾರಿಗೆ ಸರಿ, ಇಲ್ಲವೇ ತುಂಬಿದ ಮನೆಗೆ ಸರಿ. ಸದಸ್ಯತ್ವದ ಶುಲ್ಕ ವಸೂಲಾಗುವಷ್ಟು ನಾನು ಕೊಳ್ಳುವುದಿಲ್ಲ. ಇಡಲು ಜಾಗವೂ ಇಲ್ಲ. ಬ್ಲೀಚಿನ ದೊಡ್ಡ ಕ್ಯಾನು ತಂದರೆ ಅರ್ಧ ಮುಗಿಯುವುದರೊಳಗೆ ಅದರ ಶಕ್ತಿ ಕುಂದಿರುತ್ತದೆ, ಇಟ್ಟಷ್ಟೂ ಅದು ಒಡೆಯುತ್ತಾ ಹೋಗುವ ರಾಸಾಯನಿಕ.

ಕೂಪನ್ ಯಾರಿಗೆ ಸರಿ? ನನ್ನ ಅಕ್ಕನಿಗೆ. ಮಗುವಿನ ಡೈಪರ್ ಒಂದೇ ಬ್ರಾಂಡಿನದೇ ಆಗಬೇಕು, ಬೇರೆಯದು ಹಾಕಿದರೆ ಚರ್ಮ ಕೆಂಪಾಗುತ್ತದೆ. ತಿಂಗಳ ಬಿಲ್ ಹೇಗೂ ಕನಿಷ್ಠ ಮೊತ್ತವನ್ನು ದೂರ ದಾಟಿರುತ್ತದೆ, ಒಂದು ಸಾಮಾನು ಬಾರದಿದ್ದರೂ ಅವಳ ಕಡಿತ ಹೋಗುವುದಿಲ್ಲ. ಮಗು ಮಲಗಿದಾಗ ಫೋನ್ ಹಿಡಿದು ಎರಡು ಮೂರು ಕಡೆ ಹೋಲಿಸುತ್ತಾಳೆ. “ನಿನ್ನ ಪಟ್ಟಿ ಚಿಕ್ಕದು ಕಣೇ, ಅದಕ್ಕೇ ನಿನಗೆ ಕೂಪನ್ ಒಗ್ಗಲ್ಲ” ಎಂದು ಅವಳೇ ಹೇಳಿದಳು. ಅವಳ ಮಾತು ನಿಜ.

ನನ್ನ ಮಟ್ಟಿಗೆ ಬುಟ್ಟಿಯ ಬಹುಪಾಲು ಡಿಸ್ಕೌಂಟ್ ಅಂಗಡಿಯದೇ. ಕೂಪನ್ ಬಳಸುವುದು ಬ್ಲೇಡಿಗೆ ಮಾತ್ರ. ನನ್ನ ರೇಜರಿಗೆ ಕೂರುವ ಬ್ಲೇಡು ಡಿಸ್ಕೌಂಟ್ ಅಂಗಡಿಯಲ್ಲಿ ಸಿಗುವುದಿಲ್ಲ, ಇಟ್ಟರೆ ಕೆಡುವ ವಸ್ತುವೂ ಅಲ್ಲ. ಕನಿಷ್ಠ ಬಿಲ್ ಇಲ್ಲದ ಕೋಡ್ ಬಂದ ದಿನ ಎರಡು ಪ್ಯಾಕೆಟ್ ತರಿಸಿ ಇಟ್ಟುಬಿಡುತ್ತೇನೆ. ಕೋಡ್ ಬರದ ತಿಂಗಳು ಆ ಆ್ಯಪ್ ತೆರೆಯುವುದೇ ಇಲ್ಲ.