ಸಿದ್ದಾಪುರದ ಕಾರ್ಮಿಕ ಸಂಘದ ಗ್ರಾಚ್ಯುಟಿ ಸೇವೆ: ಲೆಕ್ಕ ಪಕ್ಕಾ, ಕಾಯುವುದು ಜಾಸ್ತಿ

ಕಾಫಿ ತೋಟದಿಂದ ನಿವೃತ್ತರಾಗುವವರ ಗ್ರಾಚ್ಯುಟಿ (ಸೇವೆಯ ವರ್ಷ ನೋಡಿ ಮಾಲೀಕರು ಕೊಡಬೇಕಾದ ಇಡಿಗಂಟು) ಅರ್ಜಿ ಬರೆದುಕೊಡುವ ಈ ಕಚೇರಿಯ ಬಲ ಲೆಕ್ಕದಲ್ಲಿದೆ. ವರ್ಷಕ್ಕೆ 15 ದಿನದ ಕೂಲಿ; ದಿನಗೂಲಿ 500 ರೂಪಾಯಿ, ಸೇವೆ 12 ವರ್ಷ ಅಂದರೆ 500×15×12, ಒಟ್ಟು 90,000. ಕೊನೆಯಲ್ಲಿ ಉಳಿದದ್ದು ಆರು ತಿಂಗಳು ಮೀರಿದ್ದರೆ ಪೂರ್ತಿ ವರ್ಷವೆಂದೇ ಹಿಡಿಯುತ್ತಾರೆ. ಹಣ್ಣು ಕುಯ್ಲು ಕೆಜಿ ಲೆಕ್ಕದ ಕೆಲಸ ನೋಡಿ, ಅಲ್ಲೇ ತೋಟದ ರೈಟರುಗಳು, ಅಂದರೆ ಲೆಕ್ಕ ಬರೆಯುವವರು, ಎಡವುವುದು (ಕೆಲವರು ಬೇಕೆಂದೇ). ಕೆಜಿ ಲೆಕ್ಕದಲ್ಲಿ ದುಡಿದವರಿಗೆ ಕೊನೆಯ ಮೂರು ತಿಂಗಳ ಸರಾಸರಿ ದಿನಗೂಲಿ ಹಿಡಿಯಬೇಕು, ಓವರ್‌ಟೈಮ್ ಬಿಟ್ಟು. ಕುಯ್ಲು ಮುಗಿದ ಕೂಡಲೇ ಬಿಟ್ಟವರಿಗೂ ಮಳೆಗಾಲದಲ್ಲಿ ಬಿಟ್ಟವರಿಗೂ ಮೊತ್ತ ಬೇರೆಯಾಗುವುದು ಇದರಿಂದಲೇ. ಇಲ್ಲಿನ ಗುಮಾಸ್ತರು ಇದನ್ನು ಕೂಲಿ ಚೀಟಿ ಮುಂದಿಟ್ಟುಕೊಂಡು ಬಿಡಿಸಿ ಹೇಳುತ್ತಾರೆ.

ಅರ್ಜಿ ಕೆಡುವುದು ಹೆಸರಿನಲ್ಲಿ. ಚೆಕ್‌ರೋಲ್‌ನಲ್ಲಿ (ತೋಟದ ಹಾಜರಿ ಪುಸ್ತಕ) ‘ಚೋಮಿ’, ಆಧಾರ್‌ನಲ್ಲಿ ‘ಚೋಮವ್ವ’ ಎಂದಿದ್ದರೆ ಮೊದಲೇ ಸರಿಮಾಡಿಸಿ. ಪಿಎಫ್ ಚೀಟಿ ಇದ್ದರೆ ಸೇರಿದ ವರ್ಷಕ್ಕೆ ಅದೇ ಸಾಕ್ಷಿ. ಅರ್ಜಿಯ ಎರಡನೇ ಪ್ರತಿಗೆ ತೋಟದ ಕಚೇರಿಯ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಮಾಲೀಕರು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸಮೇತ.

ಸಂತೆ ದಿನ ಮಾತ್ರ ಹೋಗಬೇಡಿ. ಬೆಂಚು ಎರಡೇ, ತೋಟದ ಕಾರ್ಮಿಕರ ಲೈನ್ ಮನೆಗಳ ಅರ್ಧ ಜನ ಅಲ್ಲೇ ಇರುತ್ತಾರೆ.